ಹಳೆಯ ಕೊಟ್ಟಿಗೆಯ ನೆನಪು

ಜಾತ್ರೆಯಲ್ಲಿ ದನ ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮಾರುವವನ ಮಾತು ಎಷ್ಟೇ ಸವಿಯಾಗಿರಲಿ, ಕೊಳ್ಳುವವನ ಕಣ್ಣು ಅದಕ್ಕೆ ಜಾಮೀನು ಕೇಳುತ್ತದೆ. ಹಳೆಯ ಮೋಟಾರು ಕಾರಿಗೂ ಇದೇ ನ್ಯಾಯ ಸಲ್ಲುತ್ತದೆಂಬುದನ್ನು ನಾನು ಕಂಡದ್ದು ಕಳೆದ ಬೇಸಗೆಯ ರಜೆಯಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಅಲ್ಲಿ ನೆಲಸಿರುವ ನನ್ನ ಅಕ್ಕನ ಮಗನು, ಆರು ತಿಂಗಳ ಹಿಂದೆ ಗಂಡನನ್ನು ಕಳೆದುಕೊಂಡಿದ್ದ ವೃದ್ಧೆಯೊಬ್ಬರಿಂದ 2015ರ ಮಾದರಿಯ ಟೊಯೋಟಾ ಕ್ಯಾಮ್ರಿ ಕಾರೊಂದನ್ನು ಕೊಳ್ಳಲು ಹೊರಟಿದ್ದನು. ಹಳಗನ್ನಡ ಪಾಠ ಹೇಳುವುದನ್ನುಳಿದು ಬೇರೇನನ್ನೂ ಅರಿಯದ ನನಗೆ ಆ ಪರೀಕ್ಷೆಯಲ್ಲಿ ದೀಪ ಹಿಡಿಯುವ ಕೆಲಸ ದೊರೆಯಿತು.

"ಇದು ಆರು ಸಿಲಿಂಡರಿನ ಕಾರೆಂದು ನನ್ನ ಗಂಡ ಹೇಳುತ್ತಿದ್ದ ನೆನಪು" ಎಂದರು ಆಕೆ. ಆ ವರ್ಷದ ಕ್ಯಾಮ್ರಿಯಲ್ಲಿ ನಾಲ್ಕು ಸಿಲಿಂಡರಿನ 2.5 ಲೀಟರಿನ ಎಂಜಿನ್ನೂ ಇತ್ತು, ಆರು ಸಿಲಿಂಡರಿನ 3.5 ಲೀಟರಿನದೂ ಇತ್ತು.

"ಮಾವ, ಆಕೆ ಸುಳ್ಳಾಡುವವರಲ್ಲ. ಆದರೂ ಒಮ್ಮೆ ನೋಡಿಬಿಡೋಣ" ಎಂದನು ಹುಡುಗ.

ಮುಂದಿನ ಗಾಜಿನ ಕೆಳಗೆ ಕಾರಿನ ಗುರುತಿನ ಸಂಖ್ಯೆಯಿತ್ತು. 1981ರಿಂದ ಅಮೆರಿಕದಲ್ಲಿ ಇದಕ್ಕೆ ಹದಿನೇಳು ಸ್ಥಾನಗಳು. ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಬರುವುದಿಲ್ಲ. ಒಂದು, ಸೊನ್ನೆಗಳೆಂದು ಯಾರೂ ಭ್ರಮಿಸಬಾರದಲ್ಲ! ಹತ್ತನೆಯ ಸ್ಥಾನದ 'ಎಫ್' 2015ರ ಮಾದರಿಯೆಂದು ಸಾರುತ್ತದೆ. ಒಂಬತ್ತನೆಯದು ಉಳಿದ ಹದಿನಾರನ್ನು ಕಾಯುವ ಅಂಕೆ. ಒಂದು ಅಕ್ಷರವನ್ನು ತಪ್ಪಾಗಿ ಬರೆದರೆ, ವೃತ್ತದಲ್ಲಿ ಗಣ ತಪ್ಪಿದಂತೆ, ಲೆಕ್ಕ ಅಲ್ಲಿಯೇ ಮುಗ್ಗರಿಸುತ್ತದೆ. ಇದನ್ನು ಕೇಳಿ ನನಗೆ ಆದ ಆನಂದವನ್ನು ಛಂದಸ್ಸು ಓದಿದವರೇ ಬಲ್ಲರು.

ಬಾನೆಟ್ಟನ್ನು ಎತ್ತಿದಾಗ ಒಳಗೆ ಅಂಟಿಸಿದ್ದ ಚೀಟಿಯಲ್ಲಿ 2.5 ಲೀಟರ್ ಎಂದೇ ಇತ್ತು. ಹುಡುಗನು ಲೆಕ್ಕ ಮಾಡಿ ತೋರಿಸಿದನು: ಸಿಲಿಂಡರಿನ ವ್ಯಾಸ 90 ಮಿಲಿಮೀಟರು, ಪಿಸ್ಟನ್ನು ಏರಿಳಿಯುವ ದೂರ 98 ಮಿಲಿಮೀಟರು, ಒಂದೊಂದರ ಗಾತ್ರ ಸುಮಾರು 623 ಘನ ಸೆಂಟಿಮೀಟರು, ನಾಲ್ಕೂ ಸೇರಿ 2494. ಆಕೆಯ ನೆನಪು ತಪ್ಪಿತ್ತು. ಇದು ಬರಿಯ ಪಾಂಡಿತ್ಯದ ಮಾತಲ್ಲ. ನಾಲ್ಕು ಸಿಲಿಂಡರಿನ ಆ ಎಂಜಿನ್ನು ಕುಡಿಯುವ ಎಣ್ಣೆ ನಾಲ್ಕೂವರೆ ಲೀಟರಿಗೆ ತುಸು ಕಡಮೆ. ಆರರದು ಆರು ಲೀಟರಿಗೂ ಹೆಚ್ಚು. ಮಾತನ್ನು ನಂಬಿ ಸುರಿದಿದ್ದರೆ ಎಂಜಿನ್ನಿಗೆ ಅಜೀರ್ಣವಾಗುತ್ತಿತ್ತು. ಬೆಲೆಯನ್ನು ತಕ್ಕಂತೆ ಇಳಿಸಿ, ಆಕೆ ಸಂತೋಷದಿಂದಲೇ ಕಾರನ್ನು ಕೊಟ್ಟರು.

ಹಲ್ಲು ಎಣಿಸಿದ್ದಾಯಿತು, ಆದರೆ ಕೊಟ್ಟಿಗೆಯ ವಿಚಾರವನ್ನು ನಾವು ಮರೆತಿದ್ದೆವು. ಆ ನಾಡಿನಲ್ಲಿ ಕಾರಿನ ಕೊಟ್ಟಿಗೆ ಬಹುಮಟ್ಟಿಗೆ ಮನೆಗೇ ಅಂಟಿಕೊಂಡಿರುತ್ತದೆ. ಅದರ ಬಾಗಿಲು ಮೇಲಕ್ಕೆ ಸರಿದು ಮಾಳಿಗೆಯ ಕೆಳಗೆ ಮಲಗುತ್ತದೆ. ಸಿ. ಜಿ. ಜಾನ್ಸನ್ ಎಂಬಾತ 1921ರಲ್ಲಿ ಇಂಥ ಬಾಗಿಲನ್ನೂ 1926ರಲ್ಲಿ ಅದನ್ನೆತ್ತುವ ವಿದ್ಯುದ್ಯಂತ್ರವನ್ನೂ ರೂಪಿಸಿದನು. ಈಗ ಹಲವು ಕಾರುಗಳ ಕನ್ನಡಿಯ ಬಳಿಯಲ್ಲಿಯೇ ಮೂರು ಗುಂಡಿಗಳಿರುತ್ತವೆ. ಒತ್ತಿದರೆ ಮನೆಯ ಬಾಗಿಲು ತೆರೆಯುತ್ತದೆ. 'ಹೋಮ್‌ಲಿಂಕ್' ಎಂಬ ಈ ಸಾಧನ ಹುಟ್ಟಿದ್ದು ಇದೇ ಮಿಷಿಗನ್ನಿನ ಹಾಲೆಂಡ್ ಎಂಬ ಊರಿನ ಪ್ರಿನ್ಸ್ ಸಂಸ್ಥೆಯಲ್ಲಿ.

ಮುಂದಿನ ಭಾನುವಾರ, ಕಾರಿನೊಳಗೆ ಉಳಿದಿದ್ದ ಒಂದು ಕನ್ನಡಕವನ್ನು ಹಿಂದಿರುಗಿಸಲು ಆಕೆಯ ಮನೆಗೆ ಹೋದೆವು. ಮನೆಯ ಮುಂದೆ ಬಂದಾಗ ಹುಡುಗನು ಕುತೂಹಲದಿಂದ ಮೊದಲನೆಯ ಗುಂಡಿಯನ್ನು ಒತ್ತಿದನು. ಗಡಗಡನೆ ಸದ್ದು ಮಾಡುತ್ತ ಆಕೆಯ ಕೊಟ್ಟಿಗೆಯ ಬಾಗಿಲು ಏರಿತು. ಒಳಗೆ ಬರಿದಾದ ನೆಲ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಉಪಕರಣಗಳು. ಒಳಬಾಗಿಲಿನಿಂದ ಆಕೆ ಅವಸರವಾಗಿ ಹೊರಬಂದರು. ನಮ್ಮನ್ನು ಕಂಡು ನಿಂತರು. "ಈ ಹೊತ್ತಿಗೆ ಈ ಸದ್ದು ಕೇಳಿ ಬಹಳ ದಿನಗಳಾದುವು" ಎಂದಷ್ಟೇ ಹೇಳಿದರು.

ನನಗೆ ನಮ್ಮ ಅಜ್ಜ ಮಾರಿದ್ದ ಕೆಂದಹಸುವಿನ ನೆನಪಾಯಿತು. ಮಾರಿದ ಮೂರನೆಯ ಸಂಜೆ ಅದು ನೇರವಾಗಿ ನಮ್ಮ ಕೊಟ್ಟಿಗೆಗೆ ಬಂದು ನಿಂತಿತ್ತು. ಅಜ್ಜಿ ಒಂದು ಹಿಡಿ ತೌಡು ತಿನ್ನಿಸಿ, ಕಣ್ಣೊರಸಿಕೊಂಡು, ಅದನ್ನು ಕೊಂಡವರ ಮನೆಗೆ ಅಟ್ಟಿಸಿದ್ದಳು.

ಹುಡುಗನು ನಾಚಿ, ನಡೆದುದನ್ನು ವಿವರಿಸಿದನು. ನಮ್ಮ ಸ್ಥಳದಲ್ಲಿ ಕೆಟ್ಟವನೊಬ್ಬನಿದ್ದರೆ ಏನಾಗಬಹುದಿತ್ತೆಂದು ಆಕೆಗೆ ಅರ್ಥವಾಯಿತು. "ಈಗಲೇ ಅಳಿಸಿಬಿಡುತ್ತೇನೆ" ಎಂದನು ಹುಡುಗ. "ಅಳಿಸುವ ಮುನ್ನ ಅದರಿಂದಲೇ ಒಮ್ಮೆ ಬಾಗಿಲು ಮುಚ್ಚಪ್ಪ" ಎಂದರು ಆಕೆ.

ಬಾಗಿಲು ಅರ್ಧ ಇಳಿದಿತ್ತು. ಆಕೆ ಅರಿಯದೆ ಹೊಸಲಿನ ಬಳಿಗೆ ಒಂದು ಹೆಜ್ಜೆ ಇಟ್ಟರು. ಬಾಗಿಲು ತಟ್ಟನೆ ನಿಂತು ಮತ್ತೆ ಮೇಲೇರಿತು. ನೆಲದ ಹತ್ತಿರ ಕಣ್ಣಿಗೆ ಕಾಣದ ಬೆಳಕಿನ ಎಳೆಯೊಂದಿದೆ. ಅದನ್ನು ತಡೆದರೆ ಬಾಗಿಲು ಇಳಿಯದು. ಮಕ್ಕಳು ಬಾಗಿಲಿನಡಿ ಸಿಕ್ಕಿ ಸತ್ತ ದುರಂತಗಳ ತರುವಾಯ, 1993ರಿಂದ ತಯಾರಾಗುವ ಯಂತ್ರಗಳಿಗೆ ಇಂಥ ಕಾವಲನ್ನು ಅಲ್ಲಿನ ಕಾನೂನು ಕಡ್ಡಾಯ ಮಾಡಿದೆ. ಎರಡನೆಯ ಸಲ ಆಕೆ ಹಿಂದೆ ಸರಿದು ನಿಂತರು. ಬಾಗಿಲು ಮುಚ್ಚಿತು. ಹುಡುಗನು ಎರಡು ತುದಿಯ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದನು. ಕೆಲವು ಕ್ಷಣಗಳಲ್ಲಿ ಪುಟ್ಟ ದೀಪ ವೇಗವಾಗಿ ಮಿಣುಕಿತು. ಹಳೆಯ ಕೊಟ್ಟಿಗೆ ಕಾರಿಗೆ ಮರೆತುಹೋಯಿತು.

ಹೊಸ ಕೊಟ್ಟಿಗೆಯನ್ನು ಕಲಿಸುವ ಕೆಲಸ ಅಂದೇ ಸಂಜೆ ನಡೆಯಿತು. ಕೈಯಲ್ಲಿ ಹಿಡಿಯುವ ರಿಮೋಟನ್ನು ಕಾರಿನ ಗುಂಡಿಗೆ ಎರಡು ಮೂರು ಅಂಗುಲ ಸಮೀಪ ತಂದು, ದೀಪದ ಮಿಣುಕು ಬದಲಾಗುವವರೆಗೆ ಎರಡನ್ನೂ ಒತ್ತಿ ಹಿಡಿದೆವು. ಬಾಗಿಲು ಅಲುಗಲಿಲ್ಲ. ಹಿಂದಿನ ಕಾಲದ ರಿಮೋಟುಗಳಲ್ಲಿ ಪುಟ್ಟ ಕೀಲುಗಳಿದ್ದುವು. ಹತ್ತು ಕೀಲುಗಳಾದರೆ 1024 ಜೋಡಣೆಗಳು ಮಾತ್ರ. ಸಂಕೇತವೂ ಎಂದಿಗೂ ಒಂದೇ. ಕದ್ದು ಕೇಳಿದವನಿಗೆ ಬಾಗಿಲು ತೆರೆಯುತ್ತಿತ್ತು. ಈಗಿನವು ಪ್ರತಿ ಸಲವೂ ಹೊಸ ಸಂಕೇತ ನುಡಿಯುತ್ತವೆ. ಆದುದರಿಂದ ಕಾರನ್ನು ಬಾಗಿಲಿನ ಯಂತ್ರಕ್ಕೆ ಬೇರೆಯಾಗಿ ಪರಿಚಯ ಮಾಡಿಸಬೇಕು. ನಾನು ಏಣಿ ಹತ್ತಿ, ಮಾಳಿಗೆಗೆ ತೂಗುಹಾಕಿದ್ದ ಯಂತ್ರದ 'ಕಲಿ' ಎಂಬ ಗುಂಡಿಯನ್ನೊತ್ತಿ "ಆಯಿತು!" ಎಂದು ಕೂಗಿದೆ. 30 ಸೆಕೆಂಡಿನ ಗಡುವು. ಹುಡುಗನು ಕಾರಿನಲ್ಲಿ ಎರಡು ಸಲ, ಮೂರು ಸಲ ಒತ್ತಿದನು. ಬಾಗಿಲು ಇಳಿಯತೊಡಗಿತು.

ನಮ್ಮ ಅಜ್ಜ ಹಸುವನ್ನು ಮಾರಿದಾಗ ಹಗ್ಗವನ್ನು ಮಾತ್ರ ಕೊಡುತ್ತಿರಲಿಲ್ಲ. ಬಿಚ್ಚಿ ಮನೆಯ ಗೂಟಕ್ಕೇ ಸುತ್ತುತ್ತಿದ್ದನು. ಜಿಪುಣತನವೆಂದು ನಾನು ಎಣಿಸಿದ್ದೆ. ಕಾರು ಮಾರುವವರು ತೊಳೆಯುತ್ತಾರೆ, ಒರಸುತ್ತಾರೆ, ಕಾಗದಪತ್ರಗಳನ್ನು ಎತ್ತಿಕೊಳ್ಳುತ್ತಾರೆ. ಆ ಮೂರು ಗುಂಡಿಗಳ ಒಳಗಿನ ಹಗ್ಗವನ್ನು ಬಿಚ್ಚಲು ಮರೆಯುತ್ತಾರೆ. ಅವರು ಮರೆತರೆ, ಕೊಂಡವನಾದರೂ ಅದನ್ನು ಮೊದಲ ದಿನವೇ ಬಿಚ್ಚಬೇಕು.