ಕವರ್ ಮೇಲೆ ಇಲ್ಲದ ಹೆಸರು

ಇಪ್ಪತ್ತನೇ ವಯಸ್ಸಿನಲ್ಲಿ ನಾವು ಏನು ಮಾಡುತ್ತಿರುತ್ತೇವೆ? ಇಂಟರ್ನಲ್ಸ್, ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್ ಚಿಂತೆ. ಜೆಫ್ ಎಮರಿಕ್ ಎಂಬ ಹುಡುಗನಿಗೆ ಅದೇ ವಯಸ್ಸಿನಲ್ಲಿ ಸಿಕ್ಕಿದ್ದು ಬೀಟಲ್ಸ್ ತಂಡದ ಹಾಡುಗಳನ್ನು ರೆಕಾರ್ಡ್ ಮಾಡುವ ಜವಾಬ್ದಾರಿ. ಅದು 1966ರ ಏಪ್ರಿಲ್. ಜಾಗ, ಲಂಡನ್ನಿನ ಅಬ್ಬೆ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೊ. ಅವನ ಹತ್ತಿರ ಡಿಗ್ರಿ ಇರಲಿಲ್ಲ. ಶಾಲೆ ಮುಗಿಸಿ ಹದಿಹರೆಯದಲ್ಲೇ ಅಲ್ಲಿ ಸಹಾಯಕನಾಗಿ ಸೇರಿ ಕೆಲಸ ಕಲಿತವನು.

ಮೊದಲ ದಿನವೇ ಕಠಿಣ ಪರೀಕ್ಷೆ. ‘ಟುಮಾರೊ ನೆವರ್ ನೋಸ್’ ಹಾಡಿನಲ್ಲಿ ತನ್ನ ದನಿ, ಬೆಟ್ಟದ ತುದಿಯಲ್ಲಿ ನಿಂತು ದಲೈ ಲಾಮಾ ಹಾಡಿದಂತೆ ಕೇಳಿಸಬೇಕು ಎಂದು ಜಾನ್ ಲೆನನ್ ಬಯಸಿದ್ದ. ಈಗಾದರೆ ಮೊಬೈಲ್‌ನಲ್ಲಿ ಒಂದು ಎಫೆಕ್ಟ್ ಒತ್ತಿದರೆ ಸಾಕು. ಆಗ ಅದೆಲ್ಲ ಎಲ್ಲಿತ್ತು? ಹ್ಯಾಮಂಡ್ ಆರ್ಗನ್‌ಗೆ ಬಳಸುವ, ಒಳಭಾಗ ಗಿರಗಿರನೆ ತಿರುಗುವ ಸ್ಪೀಕರ್ ಒಂದಿತ್ತು. ಲೆನನ್ ದನಿಯನ್ನು ಅದರ ಮೂಲಕ ಹಾಯಿಸಿದರು. ರೈಲಿನ ಸೀಟಿಯ ಉದಾಹರಣೆ ಕೊಟ್ಟು ಕಲಿಸುವ ಡಾಪ್ಲರ್ ಪರಿಣಾಮ ನೆನಪಿದೆಯಲ್ಲ, ಅದೇ ಇದು! ಡ್ರಮ್‌ಗೆ ಮೈಕ್ ಇಷ್ಟು ದೂರ ಇಡಬೇಕು ಎಂಬ ನಿಯಮ ಆ ಸ್ಟುಡಿಯೊದಲ್ಲಿತ್ತು. ಎಮರಿಕ್ ಅದನ್ನು ಮುರಿದು ಮೈಕನ್ನು ಹತ್ತಿರ ತಂದ. ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿದ. ಡ್ರಮ್ಮಿನ ಸದ್ದೇ ಬದಲಾಯಿತು.

ಅದೇ ಕಟ್ಟಡದಲ್ಲಿ ಕೆನ್ ಟೌನ್ಸೆಂಡ್ ಎಂಬ ತಂತ್ರಜ್ಞರಿದ್ದರು. ದನಿ ತುಂಬಿಕೊಂಡಂತೆ ಕೇಳಿಸಲು ಗಾಯಕರು ಒಂದೇ ಸಾಲನ್ನು ಎರಡು ಸಲ ಹಾಡಬೇಕಿತ್ತು. ಲೆನನ್‌ಗೆ ಅದು ಬೇಸರ. ಟೌನ್ಸೆಂಡ್ ಹಾಡಿದ ದನಿಯನ್ನೇ ಇನ್ನೊಂದು ಟೇಪ್ ಯಂತ್ರಕ್ಕೆ ಕಳಿಸಿ, ಅದರ ವೇಗವನ್ನು ಆಸಿಲೇಟರ್‌ನಿಂದ ಸ್ವಲ್ಪ ಹೆಚ್ಚುಕಮ್ಮಿ ಮಾಡಿ, ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ತಡವಾಗಿ ಮೂಲದ ಜೊತೆ ಸೇರಿಸಿದರು. ಒಬ್ಬನೇ ಹಾಡಿದರೂ ಇಬ್ಬರು ಹಾಡಿದಂತೆ!

1967ರಲ್ಲಿ ‘ಎ ಡೇ ಇನ್ ದ ಲೈಫ್’ ಹಾಡಿಗೆ 40 ವಾದ್ಯಗಾರರು ಬಂದಾಗ ನಾಲ್ಕು ಟ್ರ್ಯಾಕಿನ ಯಂತ್ರ ಸಾಲಲಿಲ್ಲ. ಟೌನ್ಸೆಂಡ್ ಒಂದು ಯಂತ್ರದ ಟೇಪಿನಲ್ಲಿ 50 ಹರ್ಟ್ಸ್ ಸಿಗ್ನಲ್ ದಾಖಲಿಸಿ, ಅದರಿಂದಲೇ ಎರಡನೇ ಯಂತ್ರದ ಮೋಟಾರು ಓಡಿಸಿದರು. ನಮ್ಮ ಮನೆಯ ಕರೆಂಟಿನದೂ ಅದೇ 50 ಹರ್ಟ್ಸ್.

ಈ ಹಾಡಿರುವ ‘ಸಾರ್ಜೆಂಟ್ ಪೆಪರ್ಸ್’ ಆಲ್ಬಂನ ಕವರ್ ಜಗತ್ಪ್ರಸಿದ್ಧ. ಅದರಲ್ಲಿ ಫೋಟೊ ತೆಗೆದವರ ಹೆಸರಿದೆ. ಮೇಣದ ಗೊಂಬೆಗಳನ್ನು ಕೊಟ್ಟ ಮೇಡಂ ಟುಸ್ಸಾಡ್ಸ್ ಹೆಸರೂ ಇದೆ. ಹಾಡುಗಳನ್ನು ರೆಕಾರ್ಡ್ ಮಾಡಿದ ಎಮರಿಕ್ ಹೆಸರು ಮಾತ್ರ ಇರಲಿಲ್ಲ. ಮರುವರ್ಷ ಅದೇ ಕೆಲಸಕ್ಕೆ ಅವನಿಗೆ ಗ್ರ್ಯಾಮಿ ಪ್ರಶಸ್ತಿ ಬಂತು.

‘ಕೆಲಸ ಚೆನ್ನಾಗಿದ್ದರೆ ಹೆಸರು ತಾನಾಗಿಯೇ ಬರುತ್ತೆ ಬಿಡಪ್ಪಾ’ ಎಂದು ಹಿರಿಯರು ಹೇಳುತ್ತಾರೆ. ಎಮರಿಕ್ ವಿಷಯದಲ್ಲಿ ಅದು ನಿಜವಾಯಿತು. ಆದರೆ ಕ್ಲೇರ್ ಟೋರಿ ಕಥೆ ಕೇಳಿ. 1973ರ ಜನವರಿಯಲ್ಲಿ ಪಿಂಕ್ ಫ್ಲಾಯ್ಡ್ ತಂಡ ಅದೇ ಸ್ಟುಡಿಯೊಗೆ ಈ ಗಾಯಕಿಯನ್ನು ಕರೆಸಿತು. ಹಾಡಲು ಸಾಹಿತ್ಯವಿಲ್ಲ. ವಾದ್ಯಗಳ ಮೇಲೆ ತನಗೆ ತೋಚಿದಂತೆ ದನಿ ಹರಿಸಿ, 30 ಪೌಂಡ್ ಪಡೆದು ಆಕೆ ಮನೆಗೆ ಹೋದರು. ಆಲ್ಬಂ ಕೋಟಿಗಟ್ಟಲೆ ಮಾರಾಟವಾಯಿತು. ಗಾಯಕಿ ಎಂದು ಹೆಸರು ಹಾಕಿದ್ದರು ನಿಜ, ಆದರೆ ಆ ರಾಗವನ್ನು ಕಟ್ಟಿದ್ದರಲ್ಲಿ ಅವರಿಗೆ ಪಾಲು ಕೊಟ್ಟಿರಲಿಲ್ಲ. 2004ರಲ್ಲಿ ಅವರು ಕೋರ್ಟಿಗೆ ಹೋದರು. ಮರುವರ್ಷ ರಾಜಿಯಾಗಿ, ಸಹ ಸಂಯೋಜಕಿ ಎಂಬ ಮನ್ನಣೆ ಸಿಕ್ಕಿತು. ಹಾಡಿ 32 ವರ್ಷಗಳಾದ ಮೇಲೆ, ಅದೂ ಕೇಳಿದ್ದಕ್ಕೆ.

ತೆರೆಮರೆಯ ಕೆಲಸ ಕೀಳಲ್ಲ. ನಮ್ಮಲ್ಲಿ ಬಹುತೇಕರು ಮುಂದೆ ಮಾಡುವುದು ಅದನ್ನೇ. ಯಾವುದೋ ಆ್ಯಪಿನ, ಸೇತುವೆಯ, ಯಂತ್ರದ ಒಂದು ಮೂಲೆಯಲ್ಲಿ ನಮ್ಮ ಲೆಕ್ಕಾಚಾರ ಕೂತಿರುತ್ತದೆ, ಬಳಸುವವರಿಗೆ ಗೊತ್ತಾಗುವುದಿಲ್ಲ. ಆದರೆ ‘ಕೆಲಸದ ತೃಪ್ತಿಯೇ ಸಾಕು’ ಎಂಬ ಮಾತನ್ನು ನಮಗೆ ನಾವು ಹೇಳಿಕೊಳ್ಳುವುದು ಬೇರೆ, ನಮ್ಮಿಂದ ಕೆಲಸ ಮಾಡಿಸಿಕೊಂಡವರು ಹೇಳುವುದು ಬೇರೆ.

ಹಾಗಾಗಿ ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ಹೆಸರಿನ ಮಾತನ್ನೂ ಕೇಳೋಣ. ನೀವು ಮಾಡಿದ್ದನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ಇನ್ನೊಂದು ಕೆಲಸವನ್ನು ಇವತ್ತೇ ಶುರು ಮಾಡಬಹುದು. ಪ್ರಾಜೆಕ್ಟ್ ರಿಪೋರ್ಟಿನ ಕೃತಜ್ಞತೆಯ ಪುಟದಲ್ಲಿ ಪ್ರಿನ್ಸಿಪಾಲರು, ಎಚ್‌ಒಡಿ, ಗೈಡ್ ಎಲ್ಲರೂ ಇರುತ್ತಾರೆ. ಸಂಜೆ ಐದರ ಮೇಲೂ ಲ್ಯಾಬ್ ಬಾಗಿಲು ತೆರೆದಿಟ್ಟು, ಸುಟ್ಟುಹೋದ ಬೋರ್ಡ್ ಬದಲಿಸಿಕೊಟ್ಟ ಲ್ಯಾಬ್ ಅಸಿಸ್ಟೆಂಟ್ ಅಣ್ಣನ ಹೆಸರು ಇರುತ್ತದೆಯೇ? ಈ ಸಲ ನಮ್ಮ ತಂಡ ಅದನ್ನು ಬರೆಯಲಿದೆ. ಒಂದು ಸಾಲಿನ ಜಾಗ ಸಾಕು.