ತಂತಿಯಿಲ್ಲದ ವಿದ್ಯುತ್ತು

ಮೇಜಿನ ಮೇಲಣ ವೈರ್‌ಲೆಸ್ ಚಾರ್ಜರಿನಲ್ಲಿ ಫೋನು ತುಸು ಸರಿದರೂ ಚಾರ್ಜ್ ಆಗದಿರುವುದೇಕೆ? ಎಂಥ ಸ್ಟ್ಯಾಂಡು ಕೊಳ್ಳಬೇಕು?
(ಟ್ರಾಯ್, ಮಿಷಿಗನ್)

ಸ್ಟ್ಯಾಂಡಿನೊಳಗಣ ತಾಮ್ರದ ಸುರುಳಿಯಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ಪ್ರವಾಹವು ಹರಿಯಲು, ಅದರಿಂದುಂಟಾಗುವ ಕಾಂತಕ್ಷೇತ್ರವು ಏರಿಳಿಯುತ್ತ, ಫೋನಿನ ಬೆನ್ನಿನಲ್ಲಿ ಅಡಗಿರುವ ಮತ್ತೊಂದು ಸುರುಳಿಯಲ್ಲಿ ಪ್ರವಾಹವನ್ನು ಪ್ರೇರಿಸುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ತತ್ತ್ವವಿದು. ನಿಮ್ಮ ನೆರೆಯ ಡೆಟ್ರಾಯಿಟಿನ 14ನೆಯ ಬೀದಿಯಲ್ಲಿ, 2023ರಲ್ಲಿ ಕಾಲು ಮೈಲಿಯುದ್ದಕ್ಕೂ ಡಾಂಬರಿನಡಿ ಹುದುಗಿಸಿದ ಸುರುಳಿಗಳು, ತಕ್ಕ ಸಲಕರಣೆಯುಳ್ಳ ವಾಹನಗಳಿಗೆ ಚಲಿಸುತ್ತಿರುವಾಗಲೇ ವಿದ್ಯುತ್ತನ್ನು ಊಡುವುದೂ ಇದರಿಂದಲೇ. ಬೀಸುವ ಕಲ್ಲಿನ ಮೇಲಣ ಹೋಳು ಕೆಳಗಣ ಗೂಟಕ್ಕೆ ನೆಟ್ಟಗೆ ಕೂತಲ್ಲದೆ ಹಿಟ್ಟು ಬೀಳದಂತೆ, ಸ್ಟ್ಯಾಂಡಿನ ಹಾಗೂ ಫೋನಿನ ಸುರುಳಿಗಳೆರಡರ ನಡುವು ಹೊಂದದಿದ್ದರೆ ಫೋನಿಗೆ ಸಾಕಷ್ಟು ಶಕ್ತಿಯು ತಲುಪದೆ, ಒಂದಷ್ಟು ಶಾಖವಾಗಿ ವ್ಯರ್ಥವಾಗುತ್ತದೆ. ಆದುದರಿಂದ, ನಿಮ್ಮ ಫೋನು ಒಪ್ಪುವಂಥದಾದರೆ, ಅದನ್ನು ಕಾಂತದಿಂದ ತಾನಾಗಿಯೇ ನಡುವಿಗೆ ಸೆಳೆದು ನಿಲ್ಲಿಸುವ ‘ಚೀ 2’ (Qi2) ಮಾದರಿಯ ಸ್ಟ್ಯಾಂಡೇ ಲೇಸು. ಫೋನಿನ ದಪ್ಪನೆಯ ಕವಚವನ್ನೂ ಬೆನ್ನಿಗಂಟಿಸಿದ ಲೋಹದ ಬಿಲ್ಲೆಯನ್ನೂ ತೆಗೆದಿಡತಕ್ಕದ್ದು.