ಆರು ತಿಂಗಳು ಲಾರಿ ಓಡಿಸದಿದ್ದರೆ ಡಿಎಲ್ ರದ್ದಾಗುತ್ತದೆಯೇ? ಕಾರ್ಡಿನಲ್ಲಿರುವ ಎರಡು ದಿನಾಂಕ ನೋಡಿಕೊಳ್ಳಿ

"ಆರು ತಿಂಗಳು ಸ್ಟೇರಿಂಗ್ ಮುಟ್ಟದಿದ್ದರೆ ಹೆವಿ ಲೈಸೆನ್ಸ್ ತಾನಾಗಿಯೇ ರದ್ದಾಗುತ್ತದೆ, ಮತ್ತೆ ಎಲ್‌ಎಲ್‌ನಿಂದಲೇ ಶುರು ಮಾಡಬೇಕು." ಲಾರಿ ಚಾಲಕರ ನಡುವೆ, ಈಗೀಗ ವಾಟ್ಸಾಪ್ ಗುಂಪುಗಳಲ್ಲಿ, ಇಂಥ ಮಾತು ತಿರುಗುತ್ತಿರುತ್ತದೆ. ಕಾಲು ಮುರಿದು ಮನೆಯಲ್ಲಿರುವವರು, ಸೊಂಟದ ಆಪರೇಷನ್ ಆದವರು, ಕಾಯಿಲೆ ಬಿದ್ದ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಊರು ಸೇರಿದವರು ಇದನ್ನು ನಂಬಿದರೆ ಪೂರ್ತಿ ಗುಣವಾಗುವ ಮೊದಲೇ ಗಾಡಿ ಹತ್ತಿಬಿಡುತ್ತಾರೆ. ಹಾಗಾಗಿ ಕಾಯ್ದೆಯಲ್ಲಿ ಏನಿದೆ ಎಂದು ನಾವು ನೋಡಿದೆವು.

ಮಾತು ಸುಳ್ಳು. ಮೋಟಾರು ವಾಹನ ಕಾಯ್ದೆ, 1988ರ 19ನೇ ಸೆಕ್ಷನ್ ಯಾವ ಕಾರಣಕ್ಕೆ ಲೈಸೆನ್ಸ್ ರದ್ದು ಮಾಡಬಹುದು ಎಂದು ಹೇಳುತ್ತದೆ. ಕುಡಿತದ ಚಟ, ಮಾದಕ ವಸ್ತು, ಅಪರಾಧಕ್ಕೆ ಗಾಡಿ ಬಳಸುವುದು, ಅಪಾಯಕಾರಿ ಚಾಲನೆ ಇವೆಲ್ಲ ಅಲ್ಲಿವೆ. "ಇಷ್ಟು ದಿನ ಗಾಡಿ ಓಡಿಸಲಿಲ್ಲ" ಎಂಬ ಕಾರಣ ಇಲ್ಲ. ರದ್ದು ಮಾಡುವ ಮುನ್ನ ಚಾಲಕನ ಮಾತು ಕೇಳಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಅಂದಮೇಲೆ "ತಾನಾಗಿಯೇ ರದ್ದು" ಎಂಬುದಕ್ಕೆ ಅರ್ಥವೇ ಇಲ್ಲ.

ಹಾಗಾದರೆ ರಜೆ ಮುಗಿಸಿ ಬಂದವರು ಸಿಕ್ಕಿಬೀಳುವುದು ಎಲ್ಲಿ?

ಕಾರ್ಡಿನ ಮೇಲಿನ ದಿನಾಂಕದಲ್ಲಿ. ನಿಮ್ಮ ಡಿಎಲ್ ಕೈಗೆತ್ತಿಕೊಳ್ಳಿ. ಅದರಲ್ಲಿ ವ್ಯಾಲಿಡಿಟಿ ಎರಡು ಕಡೆ ಇರುತ್ತದೆ: ಒಂದರ ಪಕ್ಕ 'ಎನ್‌ಟಿ', ಇನ್ನೊಂದರ ಪಕ್ಕ 'ಟಿಆರ್'. ಎನ್‌ಟಿ ಅಂದರೆ ನಾನ್ ಟ್ರಾನ್ಸ್‌ಪೋರ್ಟ್, ನಿಮ್ಮ ಸ್ವಂತ ಬೈಕು, ಕಾರಿಗೆ. ಟಿಆರ್ ಅಂದರೆ ಟ್ರಾನ್ಸ್‌ಪೋರ್ಟ್, ಲಾರಿಗೆ ಬೇಕಾದದ್ದು ಇದೇ. ಮೂವತ್ತು ತುಂಬುವ ಮೊದಲೇ ಲೈಸೆನ್ಸ್ ಮಾಡಿಸಿದವರಿಗೆ ಎನ್‌ಟಿ ದಿನಾಂಕ ನಲವತ್ತನೇ ವಯಸ್ಸಿನವರೆಗೂ ಇರುತ್ತದೆ. ಟಿಆರ್ ಮಾತ್ರ 5 ವರ್ಷಕ್ಕೆ ಮುಗಿಯುತ್ತದೆ (2019ರ ತಿದ್ದುಪಡಿಗೆ ಮೊದಲು 3 ವರ್ಷ ಇತ್ತು). ಪೆಟ್ರೋಲ್, ಗ್ಯಾಸ್, ರಾಸಾಯನಿಕದಂಥ ಅಪಾಯಕಾರಿ ಸರಕು ಸಾಗಿಸುವವರಿಗೆ 3 ವರ್ಷವೇ. ದೂರದ ಎನ್‌ಟಿ ದಿನಾಂಕ ನೋಡಿ "ಇನ್ನೂ ಬೇಕಾದಷ್ಟು ಟೈಮ್ ಇದೆ" ಅಂದುಕೊಂಡು ಕೂತರೆ ಟಿಆರ್ ಸದ್ದಿಲ್ಲದೆ ಮುಗಿದಿರುತ್ತದೆ. ದಿನಾ ಲೋಡ್ ಹೊರುವಾಗ ಮಾಲೀಕರೋ ಟ್ರಾನ್ಸ್‌ಪೋರ್ಟ್ ಆಫೀಸಿನವರೋ ಕಾಗದ ಕೇಳುತ್ತಾರೆ. ಮನೆಯಲ್ಲಿದ್ದಾಗ ನೆನಪಿಸುವವರು ಯಾರೂ ಇಲ್ಲ.

ಮುಗಿದ ಮೇಲೆ ಏನು? ಹಿಂದೆ 30 ದಿನಗಳ ವಿನಾಯಿತಿ ಇತ್ತು. ಅವಧಿ ಮುಗಿದರೂ ಅಷ್ಟು ದಿನ ಲೈಸೆನ್ಸ್ ಚಾಲ್ತಿಯಲ್ಲೇ ಇದೆ ಎಂದು ಲೆಕ್ಕ. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹಳೆಯ ಚಾಲಕರು ಇಂದಿಗೂ "ಒಂದು ತಿಂಗಳು ನಡೆಯುತ್ತೆ ಬಿಡು" ಅನ್ನುವುದಿದೆ. ನಡೆಯುವುದಿಲ್ಲ. ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರ ಕಾಗದಪತ್ರಗಳ ಅವಧಿಯನ್ನು ಪದೇ ಪದೇ ವಿಸ್ತರಿಸಿದ್ದು ನಿಜ, ಆದರೆ ಅದೂ 2021ರ ಅಕ್ಟೋಬರ್ 31ಕ್ಕೆ ಮುಗಿಯಿತು. ಆಗಿನ ಮೆಸೇಜು ಈಗ ಬಂದರೆ ನಂಬಬೇಡಿ.

ಅದೇ ತಿದ್ದುಪಡಿ ಒಂದು ಅನುಕೂಲವನ್ನೂ ಕೊಟ್ಟಿದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದ ಮೇಲೆ ಒಂದು ವರ್ಷದೊಳಗೂ ಹಾಕಬಹುದು. ಆ ಒಂದು ವರ್ಷವೂ ದಾಟಿತೋ, ಮತ್ತೆ ಟೆಸ್ಟ್ ಕೊಟ್ಟು ಪಾಸಾಗಬೇಕು. "ಮತ್ತೆ ಮೊದಲಿಂದ" ಎಂಬ ಭಯಕ್ಕೆ ಬಹುಶಃ ಮೂಲ ಇದೇ.

ಒಂದು ಉದಾಹರಣೆ. ಟಿಆರ್ ಮಾರ್ಚ್ 10ಕ್ಕೆ ಮುಗಿಯುತ್ತದೆ, ಚಾಲಕ ಫೆಬ್ರವರಿಯಲ್ಲಿ ರಜೆ ಹೋಗಿ ಆಗಸ್ಟ್‌ನಲ್ಲಿ ಬರುತ್ತಾರೆ ಎನ್ನೋಣ. ಟೆಸ್ಟ್ ಇಲ್ಲದೆ ನವೀಕರಣ ಸಿಗುತ್ತದೆ. ಆದರೆ ಅದು ಜಾರಿಗೆ ಬರುವುದು ನವೀಕರಿಸಿದ ದಿನದಿಂದ, ಹಿಂದಿನ ಮಾರ್ಚ್‌ನಿಂದಲ್ಲ. ನಡುವೆ "ಒಂದೇ ಟ್ರಿಪ್" ಎಂದು ಹೋಗಿದ್ದರೆ ಅದು ಲೈಸೆನ್ಸ್ ಇಲ್ಲದ ಚಾಲನೆ. ಸೆಕ್ಷನ್ 181ರಲ್ಲಿ 5,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರಂತೂ ವಿಮಾ ಕಂಪನಿ ಸಂತ್ರಸ್ತರಿಗೆ ಕೊಟ್ಟ ಹಣವನ್ನು ಲಾರಿ ಮಾಲೀಕರಿಂದ ವಸೂಲಿ ಮಾಡಲು ದಾರಿಯಾಗುತ್ತದೆ.

ಅರ್ಜಿಯನ್ನು ಸಾರಥಿ ಪೋರ್ಟಲ್‌ನಲ್ಲಿ ಹಾಕಬಹುದು. ಟಿಆರ್‌ಗೆ ವೈದ್ಯರು ಸಹಿ ಮಾಡಿದ ಫಾರ್ಮ್ 1ಎ ಬೇಕು. ಇದನ್ನು ದುಡ್ಡು ಕೊಟ್ಟು ಸಹಿ ಹಾಕಿಸುವ ಕಾಗದ ಎಂದುಕೊಳ್ಳಬೇಡಿ. ಲಾರಿಯ ಬ್ರೇಕು, ಎಕ್ಸಲೇಟರ್ ಎರಡೂ ಬಲಗಾಲಿನ ಕೆಲಸ; ಆ ಕಾಲೇ ಮುರಿದಿದ್ದರೆ ಜೋರಾಗಿ ಬ್ರೇಕ್ ಒತ್ತಲು ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿಯೇ ಹತ್ತಬೇಕು. ನೋವಿನ ಮಾತ್ರೆ, ಸ್ನಾಯು ಸಡಿಲಿಸುವ ಮಾತ್ರೆಗಳಲ್ಲಿ ಕೆಲವು ನಿದ್ದೆ ತರಿಸುತ್ತವೆ, ಅದನ್ನೂ ಕೇಳಿ.

ಇನ್ನು ಸಂಬಳ. ಇಎಸ್ಐ ಕಡಿತವಾಗುವ ಚಾಲಕರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ದಿನಗೂಲಿಯ ಶೇ. 70ರಷ್ಟು, ಕೆಲಸದಲ್ಲೇ ಪೆಟ್ಟಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಶೇ. 90ರಷ್ಟು ಸಿಗುತ್ತದೆ. ಟ್ರಿಪ್ ಲೆಕ್ಕದಲ್ಲಿ ಕೈಗೆ ಹಣ ಪಡೆದು, ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲದೆ ದುಡಿಯುವವರಿಗೆ ಇದು ಕನಸೇ ಸರಿ. ಆದರೂ ಕೆಲಸದ ಮೇಲಿದ್ದಾಗ ಆದ ಗಾಯಕ್ಕೆ 1923ರಿಂದಲೂ ಪರಿಹಾರದ ಕಾನೂನಿದೆ. ಅಂಥ ಗಾಯವಾದರೆ ಆಸ್ಪತ್ರೆಯ ಚೀಟಿ, ಟ್ರಿಪ್ ಶೀಟ್, ಮಾಲೀಕರ ಮೆಸೇಜು ಯಾವುದನ್ನೂ ಅಳಿಸಬೇಡಿ.

ಲಾರಿ ನಿಮ್ಮದೇ ಆಗಿದ್ದರೆ ಗಾಡಿ ನಿಂತರೂ ತೆರಿಗೆ ನಿಲ್ಲುವುದಿಲ್ಲ. ಓಡಿಸುವುದಿಲ್ಲ ಎಂದು ನಿಲ್ಲಿಸುವ ಮೊದಲೇ ಆರ್‌ಟಿಒಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ವಿಮೆ ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಕೂಡಿಟ್ಟ ನೋ ಕ್ಲೇಮ್ ಬೋನಸ್ ಕೂಡ ಹೋಗುತ್ತದೆ.